ಕೊಳಚೆ ನೀರಿನಲ್ಲಿ ಪತ್ತೆಯಾದ ವೈರಸ್ ಜೀವಂತವಾಗಿರುತ್ತದೆಯೇ?

ಓದುಗರ ಪ್ರಶ್ನೆ: ಕೊಳಚೆ ನೀರಿನಲ್ಲಿ ಕೊರೊನಾ ವೈರಸ್ ಪತ್ತೆ, ಪೋಲಿಯೊ ವೈರಸ್ ಪತ್ತೆ ಎಂಬ ಸುದ್ದಿಗಳನ್ನು ಓದುತ್ತಿರುತ್ತೇವೆ. ಆ ನೀರಿನಲ್ಲಿ ಸೋಂಕು ತರಬಲ್ಲ ವೈರಸ್ ಇದೆ ಎಂದು ಇದರ ಅರ್ಥವೇ?

ಉತ್ತರ: ಈ ಎರಡು ಸುದ್ದಿಗಳಲ್ಲಿ ‘ಪತ್ತೆ’ ಎಂಬ ಪದ ಒಂದೇ ಆದರೂ ಅದರ ಹಿಂದಿನ ಪ್ರಯೋಗಗಳು ಬೇರೆ ಬೇರೆ. ಹಾಗಾಗಿ ಒಂದಕ್ಕೆ ‘ಬಹುಮಟ್ಟಿಗೆ ಇಲ್ಲ’ ಎಂದೂ ಇನ್ನೊಂದಕ್ಕೆ ‘ಹೌದು’ ಎಂದೂ ಉತ್ತರಿಸಬೇಕಾಗುತ್ತದೆ.

ಕೊರೊನಾ ವೈರಸ್ಸನ್ನು ಸಾಮಾನ್ಯವಾಗಿ ಆರ್‌ಟಿ-ಪಿಸಿಆರ್ ಮೂಲಕ ಹುಡುಕುತ್ತಾರೆ. ಅದರ ಜೀನೋಮಿನಲ್ಲಿ, ಅಂದರೆ ಆರ್‌ಎನ್‌ಎ ರೂಪದ ಆನುವಂಶಿಕ ಬರಹದಲ್ಲಿ, ಸುಮಾರು 30,000 ಅಕ್ಷರಗಳಿದ್ದರೆ, ಪರೀಕ್ಷೆ ಗುರುತಿಸಿ ಇಮ್ಮಡಿಗೊಳಿಸುತ್ತ ಹೋಗುವುದು ಸುಮಾರು ನೂರು ಅಕ್ಷರಗಳ ಒಂದು ತುಣುಕನ್ನು ಮಾತ್ರ. ಉಳಿದ ಜೀನೋಮು ಇದೆಯೋ, ಚೂರುಚೂರಾಗಿದೆಯೋ ಎಂಬುದು ಪರೀಕ್ಷೆಗೆ ತಿಳಿಯುವುದೇ ಇಲ್ಲ. ಈ ವೈರಸ್ಸಿನ ಹೊರಕವಚ ಕೊಬ್ಬಿನಿಂದಾದದ್ದು. ಸಾಬೂನು, ಮಾರ್ಜಕಗಳು ಬೆರೆತ ನೀರಿನಲ್ಲಿ ಅದು ಒಡೆದು ವೈರಸ್ ಸೋಂಕುವ ಶಕ್ತಿಯನ್ನು ಕಳೆದುಕೊಂಡ ಮೇಲೂ ಆರ್‌ಎನ್‌ಎ ತುಣುಕುಗಳು ಸ್ವಲ್ಪ ಕಾಲ ಉಳಿದಿರುತ್ತವೆ. ಪಿಸಿಆರ್‌ಗೆ ಅಷ್ಟೇ ಸಾಕು.

ಪೋಲಿಯೊ ವೈರಸ್ಸಿಗೆ ಇಂಥ ಕೊಬ್ಬಿನ ಕವಚವಿಲ್ಲ. ಜಠರದ ಆಮ್ಲವನ್ನೇ ದಾಟಿ ಕರುಳು ಸೇರುವ ಅದು ಕೊಳಚೆಯಲ್ಲೂ ಬಹಳ ದಿನ ಬಾಳುತ್ತದೆ. ಪೋಲಿಯೊ ಕಣ್ಗಾವಲಿನ ಪ್ರಯೋಗಾಲಯಗಳು ದಶಕಗಳಿಂದ ಅದನ್ನು ಜೀವಕೋಶಗಳಲ್ಲಿ ಬೆಳೆಸಿಯೇ ಪತ್ತೆ ಮಾಡುತ್ತ ಬಂದಿವೆ. ಇದಕ್ಕಾಗಿ ಬಳಸುವ ಎಲ್20ಬಿ ಎಂಬ ಕೋಶಗಳ ಹಿಂದಿನ ಉಪಾಯ ನನಗೆ ಬಹಳ ಸೊಗಸಾಗಿ ಕಾಣುತ್ತದೆ: ಇಲಿಯ ಕೋಶಗಳಿಗೆ ಪೋಲಿಯೊ ವೈರಸ್ ಸಾಮಾನ್ಯವಾಗಿ ಅಂಟುವುದಿಲ್ಲವಾದ್ದರಿಂದ, ಮನುಷ್ಯರ ಕೋಶಗಳಲ್ಲಿ ಅದು ಹಿಡಿದುಕೊಳ್ಳುವ ಗ್ರಾಹಕ ಎಂಬ ಪ್ರೋಟೀನನ್ನು ಇಲಿಯ ಕೋಶಗಳಲ್ಲಿ ಮೂಡುವಂತೆ ಮಾಡಿದ್ದಾರೆ. ಇದರಿಂದ ಕೊಳಚೆಯಲ್ಲಿರುವ ಇತರ ಕರುಳಿನ ವೈರಸ್‌ಗಳು ಬಹುಪಾಲು ಹೊರಗುಳಿದು, ಪೋಲಿಯೊ ವೈರಸ್ ಬೆಳೆದು ಕೋಶಗಳನ್ನು ಕೆಡಿಸುತ್ತದೆ; ಆ ಹಾನಿ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಸತ್ತ ವೈರಸ್ ಹೀಗೆ ಬೆಳೆಯಲಾರದು. 2022ರಲ್ಲಿ ಲಂಡನ್ನಿನ ಬೆಕ್ಟನ್ ಸಂಸ್ಕರಣಾ ಘಟಕದ ಮಾದರಿಗಳಲ್ಲಿ ಬಾಯಿಗೆ ಹಾಕುವ ಲಸಿಕೆಯ ದುರ್ಬಲ ವೈರಸ್ಸಿನಿಂದ ಹುಟ್ಟಿದ 2ನೇ ಬಗೆಯ ಪೋಲಿಯೊ ವೈರಸ್ ಸಿಕ್ಕಾಗ, ಅಲ್ಲಿ ಪಾರ್ಶ್ವವಾಯುವಿನ ಒಂದು ಪ್ರಕರಣವೂ ವರದಿಯಾಗಿರದಿದ್ದರೂ ಅಧಿಕಾರಿಗಳು ಮಕ್ಕಳಿಗೆ ಹೆಚ್ಚುವರಿ ಲಸಿಕೆ ಕೊಡಿಸಿದರು. ತಿಂಗಳುಗಳ ಅಂತರದಲ್ಲಿ ಸಿಕ್ಕ ವೈರಸ್‌ಗಳ ಜೀನೋಮಿನ ಅಕ್ಷರಗಳ ಅನುಕ್ರಮಗಳು ಪರಸ್ಪರ ಸಂಬಂಧ ಹೊಂದಿದ್ದುದರಿಂದ, ಅದು ಜನರಿಂದ ಜನರಿಗೆ ಹರಡುತ್ತಿರಬೇಕೆಂದು ಊಹಿಸಲು ಆಧಾರವಿತ್ತು.

‘ಪತ್ತೆಯಾಗಲಿಲ್ಲ’ ಎಂಬ ವರದಿಯನ್ನು ಓದುವಾಗ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಕೊಳಚೆಯಲ್ಲಿರುವ, ಕೊಳೆತ ಸಸ್ಯಾಂಶದಿಂದ ಬರುವ ಹ್ಯೂಮಿಕ್ ಆಮ್ಲದಂಥ ವಸ್ತುಗಳು ಪಿಸಿಆರ್‌ನ ಕಿಣ್ವಗಳನ್ನು ತಡೆಯುತ್ತವೆ. ನೀರನ್ನು ಸಾಂದ್ರಗೊಳಿಸುವಾಗ ವೈರಸ್ಸಿನ ದೊಡ್ಡ ಪಾಲು ನಷ್ಟವಾಗಬಹುದು. ಆದ್ದರಿಂದಲೇ ಅನೇಕ ಪ್ರಯೋಗಾಲಯಗಳು ದನಗಳ ಕೊರೊನಾ ವೈರಸ್ಸನ್ನು ಗೊತ್ತಾದ ಪ್ರಮಾಣದಲ್ಲಿ ಮೊದಲೇ ಬೆರೆಸಿ, ಕೊನೆಗೆ ಎಷ್ಟು ಮರಳಿ ಸಿಕ್ಕಿತೆಂದು ಅಳೆಯುತ್ತವೆ. ಈ ಲೆಕ್ಕವಿಲ್ಲದ ‘ಇಲ್ಲ’ ಎಂಬ ಫಲಿತಾಂಶಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

ವಾಂತಿ-ಭೇದಿ ತರುವ ನೊರೊ ವೈರಸ್ಸಿನ ವಿಷಯದಲ್ಲಿ ‘ಹೌದು’ ಎನ್ನುವುದೂ ಕಷ್ಟ, ‘ಇಲ್ಲ’ ಎನ್ನುವುದೂ ಕಷ್ಟ. ಅದನ್ನು ಸಾಮಾನ್ಯ ಕೋಶಗಳಲ್ಲಿ ಬೆಳೆಸಲಾಗುತ್ತಿರಲಿಲ್ಲ. 2016ರಲ್ಲಿ ಮನುಷ್ಯರ ಕರುಳಿನ ಕಾಂಡಕೋಶಗಳಿಂದ ರೂಪಿಸಿದ ಪುಟ್ಟ ಅಂಗಾಂಶಗಳಲ್ಲಿ ಅದು ಬೆಳೆಯಿತಾದರೂ, ಆ ವಿಧಾನ ದುಬಾರಿಯಾದದ್ದು ಮತ್ತು ದಿನನಿತ್ಯದ ಪರೀಕ್ಷೆಗೆ ಒಗ್ಗುವಂಥದ್ದಲ್ಲ. ಹೀಗಾಗಿ ಸಂಶೋಧಕರು ಮಧ್ಯದ ದಾರಿಯೊಂದನ್ನು ಹುಡುಕುತ್ತಿದ್ದಾರೆ. ಪ್ರೋಟೀನಿನ ಕವಚ ಒಡೆದ ವೈರಸ್ ಕಣಗಳೊಳಗೆ ಮಾತ್ರ ನುಗ್ಗಿ ಆರ್‌ಎನ್‌ಎಗೆ ಅಂಟಿಕೊಳ್ಳುವ ಬಣ್ಣಗಳನ್ನು ಬೆರೆಸಿದರೆ ಆ ಕಣಗಳ ಆರ್‌ಎನ್‌ಎ ಪಿಸಿಆರ್‌ನಲ್ಲಿ ವೃದ್ಧಿಯಾಗದೆ, ಕವಚ ಇಡಿಯಾಗಿರುವವು ಮಾತ್ರ ಲೆಕ್ಕಕ್ಕೆ ಬರುತ್ತವೆ. ಆದರೆ ಇಂಥ ಕೆಲವು ಬಣ್ಣಗಳು ಕೆಲಸ ಮಾಡಲು ಬೆಳಕು ಬೇಕು, ಕೊಳಚೆ ನೀರು ಕದಡಿರುವುದರಿಂದ ಬೆಳಕು ಒಳಗೆ ಸರಿಯಾಗಿ ಇಳಿಯುವುದಿಲ್ಲ.