ಹೊಸ್ತಿಲು ಕರಗಿದ ಕಾರು

ಕೊಳ್ಳುವಾಗ ನಾನು ನೋಡಬೇಕಾಗಿದ್ದದ್ದು ಬಾಗಿಲನ್ನು; ನೋಡಿದ್ದು ಬಣ್ಣವನ್ನು. 1971ರ ಎಂಜಿಬಿ, ಇಂಗ್ಲೆಂಡಿನ ಎಂಜಿ ಕಂಪನಿಯ ಕಾರು. ಎರಡೇ ಸೀಟು, ಮಡಚಿಡುವ ಬಟ್ಟೆಯ ಚಾವಣಿ, ಕಡುಹಸಿರು ಮೈ. ಇಂಗ್ಲೆಂಡಿಗೆ ಬಂದು ನೆಲೆಸಿದವನಿಗೆ ಇಂಥದ್ದೊಂದು ಹುಚ್ಚು ಹತ್ತುವುದು ವಿಶೇಷವೇನಲ್ಲ. ಬಲಗಡೆಯ ಬಾಗಿಲನ್ನು ತುಸು ಎತ್ತಿ ತಳ್ಳಿದರೆ ಮಾತ್ರ ಮುಚ್ಚಿಕೊಳ್ಳುತ್ತಿತ್ತು. ಕೀಲು ಸಡಿಲವಾಗಿರಬೇಕು, ಒಂದು ವಾಷರ್ ಹಾಕಿದರಾಯಿತು ಎಂದುಕೊಂಡೆ.

ಒಂದು ಭಾನುವಾರ ಕಾರಿನ ನಡುಭಾಗಕ್ಕೆ ಜಾಕಿ ಕೊಟ್ಟು ಎತ್ತಿದಾಗ ನಿಜ ಗೊತ್ತಾಯಿತು. ಬಾಗಿಲಿನ ಹಿಂಬದಿ, ಮೇಲ್ತುದಿಯಲ್ಲಿ ಕೂದಲೆಳೆಯಷ್ಟಿದ್ದ ಸಂದು ಕಣ್ಣೆದುರೇ ಬೆರಳು ತೂರುವಷ್ಟು ಅಗಲವಾಯಿತು. ಜಾಕಿ ಇಳಿಸಿದೆ, ಸಂದು ಮತ್ತೆ ಮುಚ್ಚಿಕೊಂಡಿತು. ಕೀಲಿನದೇನೂ ತಪ್ಪಿರಲಿಲ್ಲ. ಕಾರೇ ನಡು ಬಾಗಿಸಿ ನಿಂತಿತ್ತು.

ಎಂಜಿ ಕಂಪನಿಯ ಹಿಂದಿನ ಮಾದರಿ ಎಂಜಿಎಗೆ ಕೆಳಗೆ ಪ್ರತ್ಯೇಕ ಉಕ್ಕಿನ ಚೌಕಟ್ಟು, ಅಂದರೆ ಷಾಸಿ ಇತ್ತು. 1962ರಲ್ಲಿ ಆಕ್ಸ್‌ಫರ್ಡ್ ಸಮೀಪದ ಆಬಿಂಗ್ಡನ್ ಕಾರ್ಖಾನೆಯಿಂದ ಹೊರಬಂದ ಎಂಜಿಬಿಗೆ ಅದಿಲ್ಲ. ಬೆಸೆದ ತಗಡುಗಳ ಮೈಯೇ ಅದರ ಬೆನ್ನೆಲುಬು. ಭಾರ ಕಡಿಮೆಯಾಯಿತು, ಒಳಗೆ ಜಾಗ ಹೆಚ್ಚಿತು. ಆದರೆ ತೆರೆದ ಕಾರಿಗೆ ಒಂದು ತಾಪತ್ರಯ ಉಂಟು. ಬೂಟು ಕೊಂಡಾಗ ಸಿಗುವ ರಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಎರಡೂ ತುದಿ ಹಿಡಿದು ತಿರುಚಿ ನೋಡಿ, ತಿಳಿಯುತ್ತದೆ. ಮುಚ್ಚಳ ಹೊರಬೇಕಾದ ಹೊರೆಯನ್ನೆಲ್ಲ ತಳದ ಅಂಚುಗಳೇ ಹೊರಬೇಕು. ಕಾರಿನಲ್ಲಿ ಆ ಅಂಚಿಗೆ ಸಿಲ್ ಎನ್ನುತ್ತಾರೆ. ಸಿಲ್ ಎಂದರೆ ನಮ್ಮ ಹೊಸ್ತಿಲೇ. ಹೊಸ್ತಿಲ ಮೇಲೆ ಕೂತರೆ ಅಜ್ಜಿ ಗದರುತ್ತಿದ್ದರು. ಈ ಕಾರಿನ ಹೊಸ್ತಿಲ ಮೇಲೆ ಕೂತಿದ್ದರೆ ನೆಲಕ್ಕೇ ಬೀಳುತ್ತಿದ್ದೆನೇನೋ.

ಹೊರಗಿನಿಂದ ಅದು ಗಟ್ಟಿಯಾಗಿಯೇ ಕಾಣುತ್ತಿತ್ತು. ತೆಳು ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಸಿಲ್ ಉದ್ದಕ್ಕೂ ಆಡಿಸಿದೆ. ಬಾಗಿಲ ಮುಂಭಾಗಕ್ಕೆ ಬರುತ್ತಿದ್ದಂತೆ ಅದು ಕಚ್ಚಿಕೊಳ್ಳದೆ ಜಾರಿ ಬಿತ್ತು. ಅಲ್ಲಿ ಕಬ್ಬಿಣವೇ ಇರಲಿಲ್ಲ, ಬರೀ ಪುಟ್ಟಿ. ಯಾವ ಕಾಲದಲ್ಲೋ ಯಾರೋ ತೂತಿಗೆ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆದಿದ್ದರು. ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆಳೆದಾಗ ಕಂದು ಪದರಗಳು ಒಣಗಿದ ಅಡಿಕೆ ಹಾಳೆಯ ಚೂರಿನಂತೆ ಉದುರಿದವು.

ಅಲ್ಲೇ ಏಕೆ? ಮುಂಚಕ್ರ ಎರಚಿದ ಕೆಸರು ಮಡ್‌ಗಾರ್ಡಿನ ಹಿಂದಿನ ಮೂಲೆಯಲ್ಲಿ ಮೆತ್ತಿಕೊಂಡು ಹಿಂಡದ ನೆಲವರೆಸುವ ಬಟ್ಟೆಯಂತೆ ತಿಂಗಳುಗಟ್ಟಲೆ ಒದ್ದೆಯಾಗಿರುತ್ತದೆ. ಕೆಸರಿನ ಕೆಳಗೆ ಗಾಳಿ ಕಡಿಮೆ, ಪಕ್ಕದ ಬಯಲು ತಗಡಿನ ಮೇಲೆ ಹೆಚ್ಚು. ಈ ವ್ಯತ್ಯಾಸವೊಂದು ಸಾಕು, ಒಂದೇ ತಗಡು ಬ್ಯಾಟರಿಯಾಗಿಬಿಡುತ್ತದೆ. ಆಮ್ಲಜನಕ ಕಡಿಮೆ ಇರುವ ಕಡೆ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ತಗಡಿನಲ್ಲೇ ಬಿಟ್ಟು ನೀರಿಗಿಳಿಯುತ್ತವೆ. ಆ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಬಯಲಿನ ಕಡೆ ಆಮ್ಲಜನಕವನ್ನೂ ನೀರನ್ನೂ ಕೂಡಿಕೊಳ್ಳುತ್ತವೆ. ಹಾಗಾಗಿ ಗಾಳಿ ಬೀಸುವ ಜಾಗ ಉಳಿಯುತ್ತದೆ, ಮುಚ್ಚಿಟ್ಟ ಜಾಗ ಸವೆಯುತ್ತದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಯ ಮಂಜುಗಡ್ಡೆ ಕರಗಿಸಲು ಉಪ್ಪು ಚೆಲ್ಲುತ್ತಾರೆ. ಉಪ್ಪುನೀರಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯುವುದರಿಂದ ಈ ಕಳ್ಳ ಬ್ಯಾಟರಿಗೆ ಬಲ ಬರುತ್ತದೆ. ಮಂಗಳೂರಿನ ಕಡಲಗಾಳಿಯಲ್ಲಿ ಸ್ಕೂಟರಿನ ತಳ ಉದುರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಲದ್ದಕ್ಕೆ, ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಬೆಸೆದ ಎರಡು ತಗಡುಗಳ ನಡುವೆ ಹೊಕ್ಕು, ಉಬ್ಬಿ, ಬೆಸುಗೆಯನ್ನೇ ಸೀಳುತ್ತದೆ.

ಎಂಜಿನ್ ಬಗ್ಗೆ ಹೆಚ್ಚು ಹೇಳಲಾರೆ. 1,798 ಸಿಸಿಯ ನಾಲ್ಕು ಸಿಲಿಂಡರು, ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಎರಡು ಎಸ್‌ಯು ಕಾರ್ಬುರೇಟರು. ಬಿಡಿಭಾಗಗಳೆಲ್ಲ ಸಿಗುತ್ತವೆ, ತಾಳ್ಮೆಯಿದ್ದರೆ ಯಾರು ಬೇಕಾದರೂ ಬಿಚ್ಚಿ ಜೋಡಿಸಬಹುದು. ಹಳೆ ಕಾರಿನ ಹವ್ಯಾಸ ಎಂದರೆ ಎಂಜಿನ್ ಹವ್ಯಾಸ ಎಂದು ಜನ ತಿಳಿದಿದ್ದಾರೆ. ನನ್ನ ಲೆಕ್ಕದಲ್ಲಿ ಅದು ಮುಕ್ಕಾಲು ಪಾಲು ತುಕ್ಕಿನ ಜೊತೆಗಿನ ಸಂಸಾರ.

ಸಣ್ಣ ಭಾಗಗಳಿಗೆ ಒಂದು ಬಕೆಟ್ ಸಾಕು. ನೀರಿಗೆ ಬಟ್ಟೆ ಒಗೆಯುವ ಸೋಡಾ ಬೆರೆಸಿ, ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ತುಕ್ಕು ಹಿಡಿದ ಭಾಗಕ್ಕೂ ಧನ ತಂತಿಯನ್ನು ಬೇಡದ ಕಬ್ಬಿಣದ ತುಂಡಿಗೂ ಕೊಟ್ಟರೆ ತುಕ್ಕು ತಾನಾಗಿ ಸಡಿಲಗೊಳ್ಳುತ್ತದೆ. ಕಾರನ್ನು ತಿಂದ ವಿದ್ಯೆಯನ್ನೇ ಇಲ್ಲಿ ಹಿಂದುಮುಂದಾಗಿ ನಡೆಸುತ್ತೇವೆ. ಏಳುವ ಗುಳ್ಳೆ ಹೈಡ್ರೋಜನ್ ಆದ್ದರಿಂದ ಬಕೆಟ್ ಬಯಲಲ್ಲಿರಬೇಕು. ಧನ ತಂತಿಗೆ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಕಟ್ಟಬೇಡಿ. ಅದರಲ್ಲಿನ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ.

ಉಜ್ಜಲು ಕೈ ಎಟುಕದ ಮೂಲೆಗಳಿಗೆ ಟ್ಯಾನಿಕ್ ಆಮ್ಲದ ದ್ರಾವಣ ಬಳಿದೆ. ಕೆಂಪು ತುಕ್ಕು ಸ್ವಲ್ಪ ಹೊತ್ತಿನಲ್ಲೇ ನೀಲಿಗಪ್ಪಾಯಿತು. ಎಲ್ಲೋ ಕಂಡ ಬಣ್ಣ! ಬಾಳೆಕಾಯಿ ಹೆಚ್ಚಿದ ಮೇಲೆ ಮೆಟ್ಟುಕತ್ತಿಗೆ ಮೆತ್ತುವ ಕಪ್ಪು ಅದು. ಬಾಳೆಕಾಯಿಯ ಒಗರೂ ಟ್ಯಾನಿನ್ನೇ, ಕಬ್ಬಿಣ ಸಿಕ್ಕಿದರೆ ಕರಿ ಸಂಯುಕ್ತವಾಗುತ್ತದೆ. ಒಗರಾದ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್ ಬೆರೆಸಿ ಹಿಂದಿನವರು ಶಾಯಿ ಮಾಡುತ್ತಿದ್ದದ್ದೂ ಇದೇ ರಸಾಯನಶಾಸ್ತ್ರದಿಂದ.

ಸಿಲ್‌ಗೆ ಮಾತ್ರ ಯಾವ ದ್ರಾವಣವೂ ಸಾಲದು, ಕತ್ತರಿಸಲೇಬೇಕು. ಎಂಜಿಬಿಗೆ 1988ರಿಂದ ಮೂಲ ಅಚ್ಚುಗಳಲ್ಲೇ ಒತ್ತಿದ ತಗಡುಗಳ ಇಡೀ ಹೊಸ ಮೈ ಸಿಗುತ್ತಿದೆ. ಅದನ್ನು ಕೊಂಡರೆ ನಾನು ದುರಸ್ತಿ ಮಾಡಿದ್ದೇನು ಎಂಬ ಪ್ರಶ್ನೆ ಬರುತ್ತದೆ, ಹಾಗಾಗಿ ಕೊಳ್ಳಲಿಲ್ಲ. ಸಿಲ್ ಕತ್ತರಿಸುವ ಮೊದಲು ಬಾಗಿಲ ಕಂಡಿಗೆ ಅಡ್ಡಲಾಗಿ ಉಕ್ಕಿನ ಸರಳು ಬೆಸೆಯಬೇಕು. ಇಲ್ಲವಾದರೆ ಕಾರು ಬಾಗಿದ ಭಂಗಿಯಲ್ಲೇ ಹೊಸ ತಗಡು ಕೂತು, ಆ ವಕ್ರ ಶಾಶ್ವತವಾಗುತ್ತದೆ. ನಾನು ಜಾಕಿಯಿಂದ ಸಂದು ಸಮ ಮಾಡಿ, ಸರಳು ಬೆಸೆದು, ಒಳತಗಡು, ನಡುತಗಡು, ಹೊರತಗಡು ಒಂದೊಂದಾಗಿ ಕೂರಿಸಿದೆ. ಪ್ರತಿ ಹಂತದಲ್ಲೂ ಬಾಗಿಲು ತೊಡಿಸಿ ನೋಡುವುದು, ಕಳಚುವುದು, ಮತ್ತೆ ತೊಡಿಸುವುದು. ಎಷ್ಟು ಸಲ ಎಂದು ಲೆಕ್ಕ ಇಟ್ಟಿಲ್ಲ.

ಕೊನೆಗೆ ಸಿಲ್ ಒಳಗೆ ದ್ರವರೂಪದ ಮೇಣ ಸಿಂಪಡಿಸಿದೆ, ನೀರೂ ಗಾಳಿಯೂ ಕಬ್ಬಿಣ ಮುಟ್ಟದಿರಲಿ ಎಂದು. ಎರಡು ದಿನ ಅದು ತಳದ ತೂತುಗಳಿಂದ ಗ್ಯಾರೇಜಿನ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಹೆಂಡತಿ ಬಂದು ನೋಡಿ, "ಇದೂ ಸೋರುತ್ತಿದೆಯಲ್ಲ" ಎಂದಳು. ಸೋರಲೇಬೇಕು, ಮೇಣ ಹೊರಬರುವ ತೂತಿನಲ್ಲೇ ನಾಳೆ ನೀರೂ ಹೊರಹೋಗಬೇಕು. ಬಲಬಾಗಿಲು ಈಗ ಒಂದೇ ಬೆರಳಿಗೆ ಮುಚ್ಚುತ್ತದೆ. ಎಡಗಡೆ ಇನ್ನೂ ಅಯಸ್ಕಾಂತ ಆಡಿಸಿಲ್ಲ.