ಮೊದಲು ಕೈ ಸುಮ್ಮನಿರಲಿ

ಬೆನ್ನಿಗೆ ಎಣ್ಣೆ ಬಿದ್ದ ಮರುಕ್ಷಣವೇ ತಿಕ್ಕಲು ಶುರು ಮಾಡುವುದು ಮಸಾಜಿನಲ್ಲಿ ಎಲ್ಲೆಲ್ಲೂ ಕಾಣುವ ತಪ್ಪು. ಮಲಗಿದವರ ಭುಜ ಕಿವಿಯ ಕಡೆಗೆ ಏರುತ್ತದೆ, ಉಸಿರು ಒಂದು ಗಳಿಗೆ ಕಟ್ಟುತ್ತದೆ, ಬೆನ್ನು ಸೆಟೆಯುತ್ತದೆ. ಆಮೇಲಿನ ಹತ್ತು ನಿಮಿಷ ಹೊಸದಾಗಿ ಹುಟ್ಟಿಸಿದ ಆ ಬಿಗಿತವನ್ನು ಬಿಡಿಸುವುದರಲ್ಲೇ ಹೋಗುತ್ತದೆ.

ಕಾರಣ ಸ್ನಾಯುವಿನೊಳಗೇ ಇದೆ. ಅದರ ಎಳೆಗಳ ನಡುವೆ ಕದಿರಿನ ಆಕಾರದ ಸಣ್ಣ ಸಂವೇದಕಗಳಿವೆ. ಎಳೆ ಎಷ್ಟು ಹಿಗ್ಗಿತು ಎಂಬುದರ ಜೊತೆಗೆ ಎಷ್ಟು ಬೇಗ ಹಿಗ್ಗಿತು ಎಂಬುದನ್ನೂ ಅವು ಅಳೆಯುತ್ತವೆ. ತಟಕ್ಕನೆ ಒತ್ತಿದರೆ ಸುದ್ದಿ ಬೆನ್ನುಹುರಿಗೆ ಮುಟ್ಟಿ, ಮಿದುಳಿನ ಅಪ್ಪಣೆಗೆ ಕಾಯದೆ ಸ್ನಾಯು ಕುಗ್ಗುತ್ತದೆ. ವೈದ್ಯರು ಮೊಣಕಾಲಿನ ಕೆಳಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದಾಗ ಕಾಲು ಚಿಮ್ಮುವುದೂ ಹೀಗೆಯೇ. ಅಷ್ಟೇ ಭಾರವನ್ನು ನಾಲ್ಕೈದು ಸೆಕೆಂಡುಗಳಲ್ಲಿ ಮೆಲ್ಲಗೆ ಇಳಿಸಿದರೆ ಈ ಪ್ರತಿಕ್ರಿಯೆ ಕೆರಳುವುದು ತೀರ ಕಡಿಮೆ.

ಆದ್ದರಿಂದ ಆರಂಭ ಎಣ್ಣೆಯಿಂದಲ್ಲ. ಬಟ್ಟೆಯ ಮೇಲಿಂದಲೇ ಒಂದು ಅಂಗೈಯನ್ನು ಎರಡು ಭುಜದೆಲುಬುಗಳ ನಡುವೆ, ಇನ್ನೊಂದನ್ನು ಸೊಂಟದ ಕೆಳಭಾಗದಲ್ಲಿ ಇಟ್ಟು ಸುಮ್ಮನಿರಬೇಕು. ಒತ್ತಬೇಡಿ, ಕೈಯ ಸ್ವಂತ ಭಾರ ಸಾಕು. ಮಲಗಿದವರ ಉಸಿರು ಐದಾರು ಸಲ ಬಂದು ಹೋಗಲಿ. ಚರ್ಮದಲ್ಲಿ ಬದಲಾವಣೆಗೆ ಮಾತ್ರ ಓಗೊಡುವ ಸಂವೇದಕಗಳಿವೆ. ಕೈ ಅಲುಗದಿದ್ದರೆ ಅವು ಬೇಗನೆ ಮೌನವಾಗುತ್ತವೆ. ಅಷ್ಟರಲ್ಲಿ ನಿಮಗೂ ಒಂದಿಷ್ಟು ಸಂಗತಿ ತಿಳಿದಿರುತ್ತದೆ: ಉಸಿರು ಎದೆಯಲ್ಲೇ ನಿಂತಿದೆಯೋ ಹೊಟ್ಟೆಗೂ ಇಳಿಯುತ್ತಿದೆಯೋ, ಎಡಗಡೆ ಬಿಗಿಯೋ ಬಲಗಡೆಯೋ. ಕೈ ಓಡಾಡುತ್ತಿರುವಾಗ ಇವು ಗೊತ್ತಾಗುವುದು ಕಷ್ಟ.

ಇನ್ನು ವೇಗದ ವಿಷಯ. ಮಿದುಳಿಗೆ ಸ್ಪರ್ಶದ ಸುದ್ದಿ ಒಯ್ಯುವ ದಪ್ಪ ನರತಂತುಗಳು ಸೆಕೆಂಡಿಗೆ ಹತ್ತಾರು ಮೀಟರ್ ವೇಗದವು. ಇವಲ್ಲದೆ ಸೆಕೆಂಡಿಗೆ ಸುಮಾರು ಒಂದೇ ಮೀಟರ್ ಸಾಗುವ ತೆಳು ತಂತುಗಳೂ ಇವೆ. ಸ್ವೀಡನ್ನಿನ ಇಂಗ್ವೆ ಜೊಟರ್‌ಮನ್ 1939ರಲ್ಲಿ ಬೆಕ್ಕುಗಳಲ್ಲಿ ಇವನ್ನು ವಿವರಿಸಿದರು. ಮನುಷ್ಯರಲ್ಲೂ ಇವೆಯೆಂದು ಖಚಿತವಾಗಲು ಸುಮಾರು ಅರ್ಧ ಶತಮಾನ ಬೇಕಾಯಿತು. ರೋಮವಿರುವ ಚರ್ಮದಲ್ಲಿ ಇವು ಹೇರಳ, ಅಂಗೈಯಲ್ಲಿ ಬಲು ವಿರಳ. ಎಲ್ಲಿ ಮುಟ್ಟಿದರು ಎಂಬುದನ್ನು ನಿಖರವಾಗಿ ತಿಳಿಸುವುದು ಇವುಗಳ ಕೆಲಸವಲ್ಲ. ಮುಟ್ಟಿದ್ದು ಹಿತವಾಯಿತೇ ಎಂಬ ಭಾವಕ್ಕೆ ಇವು ಸಂಬಂಧಿಸಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ನೇವರಿಸಿದಾಗ ಇವು ಹೆಚ್ಚು ಮಿಡಿಯುತ್ತವೆಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಜನ ಹಿತವೆಂದು ಹೇಳಿದ ವೇಗವೂ ಅದೇ ಆಗಿತ್ತು. ಸೆಕೆಂಡಿಗೆ 3 ಸೆಂಟಿಮೀಟರ್ ಎಂದರೆ ಮೊಣಕೈಯಿಂದ ಮಣಿಕಟ್ಟಿಗೆ ಬರಲು ಎಂಟು ಸೆಕೆಂಡು ಬೇಕು. ಎಣಿಸಿ ನೋಡಿದರೆ ನಾವು ನಿಧಾನವೆಂದುಕೊಂಡದ್ದು ಎಷ್ಟು ಅವಸರದ್ದು ಎಂದು ತಿಳಿಯುತ್ತದೆ.

ಈ ತಂತುಗಳಿಗೆ ಚರ್ಮದಷ್ಟೇ ಬಿಸಿ, ಅಂದರೆ ಸುಮಾರು 32 ಡಿಗ್ರಿ, ಹೆಚ್ಚು ಒಗ್ಗುತ್ತದೆ. ಎಣ್ಣೆಯ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು, ಮಣಿಕಟ್ಟಿನ ಒಳಬದಿಗೆ ಒಂದು ಹನಿ ಹಾಕಿ ನೋಡಿ: ತಣ್ಣಗೂ ಅಲ್ಲ, ಸುಡುವುದೂ ಇಲ್ಲ ಎನಿಸಬೇಕು. ಬೆನ್ನಿಗೆ ಎರಡು ಮೂರು ಚಮಚ ಎಣ್ಣೆ ಧಾರಾಳ. ಹೆಚ್ಚಾದರೆ ಕೈ ಜಾರುತ್ತದೆ, ಜಾರಿದರೆ ವೇಗ ತಾನಾಗಿ ಏರುತ್ತದೆ. ಒಂದೇ ಜಾಗವನ್ನು ಬಿಡದೆ ನೇವರಿಸಿದರೆ ಈ ತಂತುಗಳು ದಣಿದು ಮಿಡಿತ ಕಡಿಮೆ ಮಾಡುತ್ತವೆ, ಬಿಡುವು ಸಿಕ್ಕರೆ ಚೇತರಿಸಿಕೊಳ್ಳುತ್ತವೆ. ನಡುನಡುವೆ ಕೈ ನಿಲ್ಲಿಸುವ ಹಳೆಯ ಅಭ್ಯಾಸಕ್ಕೆ ಇದೂ ಒಂದು ಸಮರ್ಥನೆ.

ನಿಧಾನವೆಂದರೆ ಹಗುರವೆಂದಲ್ಲ. ಮಯಾಮಿ ವಿಶ್ವವಿದ್ಯಾಲಯದ ಟಿಫನಿ ಫೀಲ್ಡ್ ಮತ್ತು ಸಂಗಡಿಗರು ಕಂಡಂತೆ, ಮಧ್ಯಮ ಒತ್ತಡದಲ್ಲಿ ಹೃದಯದ ಬಡಿತ ತಗ್ಗುತ್ತದೆ. ತೀರ ಹಗುರವಾಗಿ ಸವರಿದರೆ ದೇಹ ಎಚ್ಚರಗೊಳ್ಳುತ್ತದೆ. ಕಚಗುಳಿ ಇಟ್ಟಂತೆ ಅನ್ನಿ. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಒತ್ತಡ ಎಷ್ಟೆಂದು ಕೇಳಿ, ಐದಾರರ ಆಸುಪಾಸಿನಲ್ಲೇ ಇರಿ. ಆ ಒತ್ತಡ ಹೆಬ್ಬೆರಳಿನಿಂದ ಬರಬಾರದು. ದಿನವೂ ಹಾಗೆ ಅಮುಕುವವರ ಹೆಬ್ಬೆರಳಿನ ಬುಡದ ಕೀಲು ಸವೆಯಬಹುದು. ಮಣಿಕಟ್ಟು ನೇರವಿಟ್ಟು, ಒಂದು ಕಾಲು ಮುಂದಿಟ್ಟು, ಮೈಭಾರವನ್ನೇ ವಾಲಿಸಬೇಕು. ಅವರು ಉಸಿರು ಬಿಡುವಾಗ ವಾಲಿ, ಎಳೆದುಕೊಳ್ಳುವಾಗ ಹಗುರಾಗಿ. ಉಸಿರು ಬಿಡುವಾಗ ಹೃದಯದ ಬಡಿತ ಸಹಜವಾಗಿಯೇ ಇಳಿಯುತ್ತದೆ, ನಿಮ್ಮ ಕೈ ಅದರ ಜೊತೆಗೇ ಹೋದಂತಾಗುತ್ತದೆ.

ಸಂಕಲ್ಪ ಎಂಬ ಮಾತು ಈ ಕಸುಬಿನಲ್ಲಿ ಬಹಳ ಕೇಳಿಬರುತ್ತದೆ. ಅಂಗೈಯಿಂದ ಯಾವುದೋ ಶಕ್ತಿ ಹರಿಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆದರೂ ಸಂಕಲ್ಪ ಬೇಕು, ಸ್ಪಷ್ಟವಾಗಿ ಬೇಕು: ಇವತ್ತು ಈ ಕತ್ತು ಬಲಕ್ಕೆ ಇನ್ನಷ್ಟು ತಿರುಗಲಿ, ಇವರಿಗೆ ನಿದ್ದೆ ಬರಲಿ ಎಂಬಷ್ಟು ಸ್ಪಷ್ಟ. ಗುರಿ ಗೊತ್ತಿದ್ದರೆ ಕೈ ಎಲ್ಲಿ ನಿಲ್ಲಬೇಕು, ಯಾವುದನ್ನು ಬಿಡಬೇಕು ಎಂಬುದು ತೀರ್ಮಾನವಾಗುತ್ತದೆ. ಗಮನ ಫೋನಿನ ಕಡೆ ಜಾರಿದಾಗ ಲಯ ತಪ್ಪುತ್ತದೆ, ಮಲಗಿದವರಿಗೆ ಅದು ತಿಳಿಯುತ್ತದೆ.

ಮುಟ್ಟಬಾರದ ಹೊತ್ತೂ ಇದೆ. ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಗಡ್ಡೆ ಕಳಚಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಹೆರಿಗೆಯಾದ ಮೊದಲ ಆರು ವಾರ ಈ ಸಂಭವ ಹೆಚ್ಚು. ಬಾಣಂತಿಗೆ ಎಣ್ಣೆ ನೀವುವ ನಮ್ಮ ಮನೆಗಳಲ್ಲಿ ದಿನವೂ ಮೊದಲು ಎರಡೂ ಕಾಲುಗಳನ್ನು ಪಕ್ಕಪಕ್ಕದಲ್ಲಿ ನೋಡಲೇಬೇಕು. ಅನುಮಾನ ಬಂದರೆ ಅಂದೇ ಆಸ್ಪತ್ರೆಗೆ. ಜ್ವರ, ಗಾಯ, ಮೂಳೆಮುರಿತ ಇದ್ದರೂ ಮಸಾಜ್ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಮಾಡಿಸಿಕೊಳ್ಳಲಿ.

ಮುಗಿಸುವಾಗ ಕೈ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲಲಿ. ನಾಲ್ಕೈದು ಉಸಿರಿನ ನಂತರ ಮೆಲ್ಲಗೆ, ಅಂಗೈ ಮೊದಲು, ಬೆರಳ ತುದಿ ಕೊನೆಗೆ ಬಿಡಿಸಿಕೊಳ್ಳಿ. ಮಲಗಿದವರು ಎರಡು ಮೂರು ನಿಮಿಷ ಹಾಗೇ ಇರಲಿ. ಆಮೇಲೆ ಮಗ್ಗುಲಾಗಿ, ಕೈಯೂರಿ, ಎದ್ದು ಕೂತು, ಸ್ವಲ್ಪ ತಡೆದು ನಿಲ್ಲಲಿ. ದಡಕ್ಕನೆ ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರಬಹುದು, ಅದೂ ಎಣ್ಣೆ ಬಿದ್ದ ನೆಲದ ಮೇಲೆ.