ಎಚ್‌ಡಬ್ಲ್ಯು-ಪಾಯ್ಸನ್: ಕೆಟ್ಟ ಮೆಮೊರಿ ಪುಟವನ್ನು ಕರ್ನಲ್ ನಿಭಾಯಿಸುವುದನ್ನು ಪರೀಕ್ಷಿಸುವ ಬಗೆ

ಲಿನಕ್ಸ್ ಕರ್ನಲ್ (ಕಾರ್ಯಾಚರಣ ವ್ಯವಸ್ಥೆಯ ತಿರುಳು) ರ‍್ಯಾಮನ್ನು ಸಾಮಾನ್ಯವಾಗಿ 4 ಕೆಬಿ ಪುಟಗಳಾಗಿ ನೋಡುತ್ತದೆ. ಒಂದು ಪುಟದ ಹಾರ್ಡ್‌ವೇರ್ ಕೆಟ್ಟಿದೆ, ಅದರಲ್ಲಿರುವ ಡೇಟಾವನ್ನು ನಂಬಬಾರದು, ಆ ಪುಟವನ್ನು ಮತ್ತೆ ಯಾರಿಗೂ ಕೊಡಬಾರದು ಎಂದು ಸೂಚಿಸುವ ಫ್ಲ್ಯಾಗೇ ಎಚ್‌ಡಬ್ಲ್ಯು-ಪಾಯ್ಸನ್. ಇಂಟೆಲ್‌ನ ಆಂಡಿ ಕ್ಲೀನ್ ಮತ್ತು ಫೆಂಗ್ವಾಂಗ್ ವು ಬರೆದ ಈ ಕೋಡ್ 2009ರ ಡಿಸೆಂಬರ್‌ನಲ್ಲಿ ಬಂದ 2.6.32 ಆವೃತ್ತಿಯಲ್ಲಿ ಕರ್ನಲ್‌ಗೆ ಸೇರಿತು.

ಸರ್ವರ್‌ಗಳಲ್ಲಿರುವ, ತಪ್ಪು ತಿದ್ದಿಕೊಳ್ಳುವ ಇಸಿಸಿ ಮೆಮೊರಿ 64 ಬಿಟ್ ಡೇಟಾಗೆ 8 ಬಿಟ್ ಹೆಚ್ಚುವರಿ ಸೇರಿಸಿ 72 ಬಿಟ್ ಇಟ್ಟುಕೊಳ್ಳುತ್ತದೆ. ಒಂದು ಬಿಟ್ ತಿರುಗಿದರೆ ತಾನೇ ಸರಿಪಡಿಸುತ್ತದೆ. ಎರಡು ತಿರುಗಿದರೆ ತಪ್ಪಾಗಿದೆ ಎಂದು ಗೊತ್ತಾಗುತ್ತದೆ, ಸರಿಪಡಿಸಲು ಮಾತ್ರ ಆಗುವುದಿಲ್ಲ. ಆಗ ಎಕ್ಸ್86 ಪ್ರೊಸೆಸರ್ ಮಷಿನ್ ಚೆಕ್ ಎಕ್ಸೆಪ್ಷನ್, ಅಂದರೆ ಹಾರ್ಡ್‌ವೇರ್ ದೋಷದ ಎಚ್ಚರಿಕೆ, ಎಬ್ಬಿಸುತ್ತದೆ; ಅದರ ವೆಕ್ಟರ್ (ಗುರುತಿನ ಸಂಖ್ಯೆ) 18. ಹಿಂದೆಲ್ಲ ಇದರರ್ಥ ಇಡೀ ಯಂತ್ರ ಪ್ಯಾನಿಕ್ ಆಗಿ ನಿಂತುಬಿಡುವುದು. ಈಗ ಕರ್ನಲ್ ಕೆಟ್ಟ ಪುಟವನ್ನು ಗುರುತಿಸಿ, ಅದನ್ನು ಬಳಸುತ್ತಿದ್ದವರನ್ನಷ್ಟೇ ಹಿಡಿದು, ಉಳಿದದ್ದನ್ನು ನಡೆಯಲು ಬಿಡುತ್ತದೆ.

ಕರ್ನಲ್ ಏನು ಮಾಡುತ್ತದೆ ಎಂಬುದು ಪುಟದಲ್ಲಿ ಏನಿತ್ತು ಎಂಬುದರ ಮೇಲೆ ನಿಂತಿದೆ. ಪೇಜ್ ಕ್ಯಾಶ್‌ನ (ಫೈಲುಗಳ ಡೇಟಾದ ಮೆಮೊರಿ ಪ್ರತಿ) ಶುದ್ಧ ಪುಟವಾದರೆ, ಅಂದರೆ ಡಿಸ್ಕ್‌ನಲ್ಲಿರುವುದೇ ಅದರಲ್ಲೂ ಇದ್ದರೆ, ಎಸೆದು ಡಿಸ್ಕ್‌ನಿಂದ ಮತ್ತೆ ಓದಿದರಾಯಿತು, ಯಾರಿಗೂ ನಷ್ಟವಿಲ್ಲ. ಪ್ರೋಗ್ರಾಮಿನ ಸ್ವಂತ ಮೆಮೊರಿ, ಅಂದರೆ ಅನಾನಿಮಸ್ ಪುಟವಾದರೆ ಅದಕ್ಕೆ ಬೇರೆ ಪ್ರತಿ ಇಲ್ಲ. ಪ್ರೋಗ್ರಾಮಿಗೆ ಸಿಗ್‌ಬಸ್ ಸಿಗ್ನಲ್ ಹೋಗುತ್ತದೆ; ಅದನ್ನು ನಿಭಾಯಿಸದಿದ್ದರೆ ಪ್ರೋಗ್ರಾಂ ಸಾಯುತ್ತದೆ. ಕರ್ನಲ್‌ನ ಸ್ವಂತ ಬಳಕೆಯ ಸ್ಲ್ಯಾಬ್ ಪುಟವಾದರೆ ಬಹುಮಟ್ಟಿಗೆ ಕೈಚೆಲ್ಲಿದಂತೆಯೇ. ತಲೆನೋವಿನದು ಡರ್ಟಿ ಪುಟ: ಬರೆದಿದ್ದಾರೆ, ಡಿಸ್ಕ್‌ಗೆ ಇನ್ನೂ ಹೋಗಿಲ್ಲ. ಕರ್ನಲ್ ಆ ಪುಟವನ್ನು ತೆಗೆದು ಫೈಲಿನ ಮೇಲೆ ಇಐಓ (ಓದು-ಬರಹದ) ದೋಷ ಗುರುತಿಸುತ್ತದೆ. ಮುಂದಿನ ಎಫ್‌ಸಿಂಕ್‌ನಲ್ಲಿ (ಡೇಟಾವನ್ನು ಡಿಸ್ಕ್‌ಗೆ ಕಳಿಸುವ ಕರೆ) ಅದು ವರದಿಯಾಗುತ್ತದೆ, ಆಮೇಲೆ ಅಳಿಸಿಹೋಗುತ್ತದೆ. ಎಫ್‌ಸಿಂಕ್‌ನ ಉತ್ತರ ನೋಡದ ಪ್ರೋಗ್ರಾಂ ಮತ್ತೆ ಓದಿದಾಗ ಡಿಸ್ಕ್‌ನಲ್ಲಿದ್ದ ಹಳೆಯ ಡೇಟಾ ಸದ್ದಿಲ್ಲದೆ ಬರುತ್ತದೆ. ಮೆಮೊರಿಯಲ್ಲೇ ಫೈಲ್ ಇಡುವ ಟಿಎಂಪಿಎಫ್‌ಎಸ್‌ನಲ್ಲಿ ಇನ್ನೂ ಕೆಟ್ಟದಾಗಿತ್ತು. ಹಿಂದೆ ಡಿಸ್ಕೇ ಇಲ್ಲದ್ದರಿಂದ ಕಳೆದ ಪುಟದ ಜಾಗದಲ್ಲಿ ಸೊನ್ನೆಗಳು ಬರುತ್ತಿದ್ದವು. ಕರ್ನಲ್ 5.16ರಿಂದ ಕೆಟ್ಟ ಪುಟವನ್ನು ಕ್ಯಾಶ್‌ನಲ್ಲೇ ಉಳಿಸಿಕೊಂಡು, ಓದಲು ಬಂದವರಿಗೆ ಇಐಓ ಕೊಡುತ್ತಾರೆ.

ಇಷ್ಟೊಂದು ಕವಲುಗಳಿರುವ ಈ ಕೋಡ್ ನಿಜಜೀವನದಲ್ಲಿ ಓಡುವುದೇ ಅಪರೂಪ. ಹಾಗಾಗಿ ದೋಷವನ್ನು ಬೇಕೆಂದೇ ಚುಚ್ಚಬೇಕು. ಚುಚ್ಚಲು ಮೂರು ಹಂತಗಳಿವೆ. ಎಲ್ಲಿಂದ ಚುಚ್ಚಿದಿರೋ ಅಲ್ಲಿಂದ ಮುಂದಿನ ದಾರಿಯನ್ನಷ್ಟೇ ನೀವು ಪರೀಕ್ಷಿಸಿದ್ದೀರಿ, ಅದರ ಹಿಂದಿನದನ್ನು ಅಲ್ಲ. ಪರೀಕ್ಷಾ ವರದಿಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಸಾಲು ಇದೇ.

ಸುಲಭದ್ದು, ಪ್ರೋಗ್ರಾಂ ತನ್ನ ಮೆಮೊರಿಯ ಬಗ್ಗೆ ಕರ್ನಲ್‌ಗೆ ಸಲಹೆ ಕೊಡುವ ಎಂ-ಅಡ್ವೈಸ್ ಸಿಸ್ಟಮ್ ಕಾಲ್. ಕರ್ನಲ್ ಕಾನ್ಫಿಗ್‌ನಲ್ಲಿ ಮೆಮೊರಿ ಫೈಲ್ಯೂರ್ ಆಯ್ಕೆ ಇರಬೇಕು, ರೂಟ್ ಅಧಿಕಾರ ಬೇಕು. ಮೆಮೊರಿ ಕೇಳುವ ಎಂ-ಮ್ಯಾಪ್ ಕರೆಯಿಂದ ಒಂದು ಅನಾನಿಮಸ್ ಪುಟ ಪಡೆಯಿರಿ. ಅದಕ್ಕೆ ಒಂದು ಬೈಟ್ ಆದರೂ ಬರೆಯಿರಿ. ಇದನ್ನು ಮರೆತರೆ ಪುಟಕ್ಕೆ ಸ್ವಂತ ಭೌತಿಕ ಜಾಗವೇ ಇರುವುದಿಲ್ಲ, ಎಲ್ಲರೂ ಹಂಚಿಕೊಳ್ಳುವ ಸೊನ್ನೆ ಪುಟಕ್ಕೆ ಚುಚ್ಚಿದಂತಾಗುತ್ತದೆ. ಆಮೇಲೆ ಸಲಹೆ ಸಂಖ್ಯೆ 100 ಕೊಟ್ಟು ಎಂ-ಅಡ್ವೈಸ್ ಕರೆಯಿರಿ. ಕರೆ ಸುಮ್ಮನೆ ಮುಗಿಯುತ್ತದೆ, ಪ್ರೋಗ್ರಾಂ ಸಾಯುವುದಿಲ್ಲ. ಈಗ ಆ ಬೈಟ್ ಓದಿ: ಸಿಗ್‌ಬಸ್. ಸಿಗ್ನಲ್ ಕೋಡ್ 4 ಇರಬೇಕು, ಅಂದರೆ "ಕೆಟ್ಟದ್ದನ್ನು ಈಗಲೇ ಮುಟ್ಟಿದ್ದೀಯ". ಅರ್ಲಿ ಕಿಲ್ ಸೆಟ್ಟಿಂಗನ್ನು 1 ಮಾಡಿದ್ದರೆ ಓದುವ ಮೊದಲೇ ಕೋಡ್ 5ರ ಸಿಗ್ನಲ್ ಬರುತ್ತದೆ, ಅಂದರೆ "ನಿನ್ನ ಪುಟ ಕೆಟ್ಟಿದೆ, ಇನ್ನೂ ಮುಟ್ಟಿಲ್ಲ". ಡೀಫಾಲ್ಟ್ ಮೌಲ್ಯ 0. ಸಿಗ್ನಲ್ ಜೊತೆ ಬರುವ ವಿಳಾಸದ ಎಲ್‌ಎಸ್‌ಬಿ ಫೀಲ್ಡನ್ನೂ ನೋಡಿ, ಕೆಟ್ಟ ವ್ಯಾಪ್ತಿ 2ರ ಎಷ್ಟನೇ ಘಾತದಷ್ಟು ಬೈಟ್ ಎಂದು ಅದು ಹೇಳುತ್ತದೆ: 4 ಕೆಬಿ ಪುಟಕ್ಕೆ 12, 2 ಎಂಬಿಯ ಹ್ಯೂಜ್‌ಟಿಎಲ್‌ಬಿ ಪುಟಕ್ಕೆ 21. ಎಷ್ಟು ಡೇಟಾ ಹೋಯಿತು ಎಂದು ಡೇಟಾಬೇಸ್ ಅಥವಾ ವರ್ಚುಯಲ್ ಮಷಿನ್ ಓಡಿಸುವ ಕ್ಯೂಇಎಂಯು ಲೆಕ್ಕ ಹಾಕುವುದು ಇದರಿಂದಲೇ. ಇಲ್ಲಿ ತಪ್ಪಿದರೆ ವರ್ಚುಯಲ್ ಮಷಿನ್‌ಗೆ ತಪ್ಪು ವ್ಯಾಪ್ತಿಯ ಸುದ್ದಿ ಮುಟ್ಟುತ್ತದೆ. ಸಂಖ್ಯೆ 101 ಸಾಫ್ಟ್ ಆಫ್‌ಲೈನ್. ಅದು ಡೇಟಾವನ್ನು ಬೇರೆ ಪುಟಕ್ಕೆ ಸಾಗಿಸಿ ಹಳೆಯದನ್ನು ನಿವೃತ್ತಿ ಮಾಡುತ್ತದೆ, ಯಾರನ್ನೂ ಕೊಲ್ಲಬಾರದು.

ಎರಡನೆಯ ದಾರಿಯಲ್ಲಿ ಪ್ರೋಗ್ರಾಮಿನ ವಿಳಾಸದ ಬದಲು ಭೌತಿಕ ಪುಟವನ್ನೇ ಹೆಸರಿಸುತ್ತೀರಿ. ಎಚ್‌ಡಬ್ಲ್ಯು-ಪಾಯ್ಸನ್-ಇಂಜೆಕ್ಟ್ ಮಾಡ್ಯೂಲ್ ಲೋಡ್ ಮಾಡಿದರೆ ಕರ್ನಲ್ ಡೀಬಗ್ಗಿಂಗ್ ಫೈಲುಗಳಿರುವ ಡೀಬಗ್‌ಎಫ್‌ಎಸ್‌ನಲ್ಲಿ ಕರಪ್ಟ್-ಪಿಎಫ್‌ಎನ್ ಫೈಲ್ ಸಿಗುತ್ತದೆ. ಕರ್ನಲ್ ಸೆಟ್ಟಿಂಗ್‌ಗಳನ್ನು ಫೈಲುಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನ ಮೆಮೊರಿ ಡೈರೆಕ್ಟರಿಯಲ್ಲಿ ಹಾರ್ಡ್-ಆಫ್‌ಲೈನ್-ಪೇಜ್ ಎಂಬ ಇನ್ನೊಂದು ಫೈಲ್ ಇದೆ. ಮೊದಲನೆಯದು ಕೇಳುವುದು ಪುಟದ ಸಂಖ್ಯೆ, ಎರಡನೆಯದು ಕೇಳುವುದು ಭೌತಿಕ ವಿಳಾಸ. ನಡುವೆ 12 ಬಿಟ್‌ಗಳ ಅಂತರ. ವಿಳಾಸ ಹೆಕ್ಸ್‌ನಲ್ಲಿ 12345000 ಆದರೆ ಪುಟದ ಸಂಖ್ಯೆ 12345. ಆ 12345 ಅನ್ನು ತಪ್ಪಾಗಿ ಎರಡನೆಯ ಫೈಲ್‌ಗೆ ಬರೆದರೆ ಹೆಕ್ಸ್ 12ನೇ ಪುಟಕ್ಕೆ ಏಟು, ಅದಿರುವುದು ಮೊದಲ 1 ಎಂಬಿಯೊಳಗೆ. ಪುಟದ ಸಂಖ್ಯೆ ಸಿಗುವುದು ಪ್ರೋಕ್‌ನ ಪೇಜ್‌ಮ್ಯಾಪ್ ಫೈಲ್‌ನಲ್ಲಿ, ಪುಟಕ್ಕೆ 8 ಬೈಟ್ ನಮೂದು, 0ರಿಂದ 54ರವರೆಗಿನ ಬಿಟ್‌ಗಳು. ರೂಟ್ ಅಲ್ಲದೆ ಓದಿದರೆ ದೋಷ ಬರುವುದಿಲ್ಲ, ಸಂಖ್ಯೆಯ ಜಾಗದಲ್ಲಿ 0 ಬರುತ್ತದೆ. ಸ್ಕ್ರಿಪ್ಟ್ ಆ 0 ಅನ್ನೇ ನಂಬಿ ಮುಂದುವರಿದರೆ ಗತಿ ಊಹಿಸಿಕೊಳ್ಳಿ. ಸ್ಟ್ರೆಸ್ ಪರೀಕ್ಷೆಯಲ್ಲಿ ಸಿಕ್ಕ ಸಿಕ್ಕ ಪುಟಕ್ಕೆ ಚುಚ್ಚುವ ಮೊದಲು ಮೆಮ್‌ಸಿಗ್ರೂಪ್ ಫಿಲ್ಟರ್ ಹಾಕಿ, ಆಗ ಆಯ್ದ ಪ್ರೋಗ್ರಾಂ ಗುಂಪಿನ ಪುಟಗಳಿಗಷ್ಟೇ ಏಟು. ಇಲ್ಲದಿದ್ದರೆ ಸಾಯುವುದು ಎಸ್‌ಎಸ್‌ಎಚ್ ಡೀಮನ್ನೂ ಆಗಬಹುದು.

ಈ ಎರಡರಲ್ಲೂ ಮೆಮೊರಿ ಚಿಪ್ ನಿಜಕ್ಕೂ ಚೆನ್ನಾಗಿಯೇ ಇದೆ. ಮಷಿನ್ ಚೆಕ್ ಹ್ಯಾಂಡ್ಲರ್ ಓಡಿಲ್ಲ, ಫರ್ಮ್‌ವೇರ್ ಬಾಯಿಬಿಟ್ಟಿಲ್ಲ. ಕರ್ನಲ್ ತಾನೇ ಆ ಪುಟವನ್ನು ನಕಲು ಮಾಡುವಾಗ ಮುಗ್ಗರಿಸುತ್ತದೆಯೇ ಎಂಬುದೂ ತಿಳಿಯುವುದಿಲ್ಲ, ಏಕೆಂದರೆ ಮುಗ್ಗರಿಸಲು ಅಲ್ಲಿ ಏನೂ ಇಲ್ಲ. ಅದಕ್ಕೆ ಮೂರನೆಯ ದಾರಿ: ಫರ್ಮ್‌ವೇರ್ ಕೊಡುವ ಎಸಿಪಿಐನ ಐನ್ಜ್ (ದೋಷ ಚುಚ್ಚುವ) ಟೇಬಲ್. ಬಯೋಸ್‌ನಲ್ಲಿ ವಿಯಾ (ಹಾರ್ಡ್‌ವೇರ್ ದೋಷ ವರದಿಯ ವ್ಯವಸ್ಥೆ) ದೋಷ ಚುಚ್ಚುವ ಆಯ್ಕೆ ತೆರೆದಿರಬೇಕು. ಅದಿಲ್ಲದೆ ಐನ್ಜ್ ಮಾಡ್ಯೂಲ್ ಕೆಲಸ ಮಾಡುವುದಿಲ್ಲ. ದೋಷದ ಬಗೆ ಹೆಕ್ಸ್ 8 ಆದರೆ ಸರಿಪಡಿಸಬಹುದಾದದ್ದು, 10 ಆದರೆ ಸರಿಪಡಿಸಲಾಗದ ಆದರೆ ಮಾರಕವಲ್ಲದ್ದು, 20 ಆದರೆ ಮಾರಕ. ಚೇತರಿಕೆಯ ಪರೀಕ್ಷೆಗೆ ಬೇಕಾದದ್ದು 10. ಪ್ಯಾರಮ್1ಕ್ಕೆ ಭೌತಿಕ ವಿಳಾಸ, ಪ್ಯಾರಮ್2ಕ್ಕೆ ಕೊನೆಯ 12 ಬಿಟ್ ಸೊನ್ನೆಯಿರುವ ಮಾಸ್ಕ್. ನೋ-ಟ್ರಿಗರ್ ಅನ್ನು 1 ಮಾಡಿ, ಇಲ್ಲದಿದ್ದರೆ ನಿಮ್ಮ ಪ್ರೋಗ್ರಾಂ ಮುಟ್ಟುವ ಮೊದಲೇ ಚುಚ್ಚಿದ ದೋಷವನ್ನು ಟ್ರಿಗರ್ ಹಂತವೇ ಎಬ್ಬಿಸಿಬಿಡುತ್ತದೆ. ಕೊನೆಗೆ ಎರರ್-ಇಂಜೆಕ್ಟ್‌ಗೆ 1 ಬರೆದು, ನಿಮ್ಮ ಪ್ರೋಗ್ರಾಂನಿಂದ ಆ ವಿಳಾಸವನ್ನು ಓದಿ. ಬರೆಯಬೇಡಿ, ಬರೆಯುವಾಗ ಮಷಿನ್ ಚೆಕ್ ತಕ್ಷಣ ಬರಲೇಬೇಕೆಂದಿಲ್ಲ. ಇಷ್ಟನ್ನೂ ಒಟ್ಟುಗೂಡಿಸಿದ ಸಲಕರಣೆ ಬೇಕಿದ್ದರೆ ಟೋನಿ ಲಕ್ ಅವರ ರಾಸ್-ಟೂಲ್ಸ್ ಇದೆ.

ಯಂತ್ರ ಇನ್ನೂ ಬದುಕಿದೆ ಎಂಬುದು ಪಾಸ್ ಅಲ್ಲ. ಕರ್ನಲ್ ಲಾಗ್‌ನಲ್ಲಿ "ಮೆಮೊರಿ ಫೈಲ್ಯೂರ್" ಎಂದು ಶುರುವಾಗುವ ಸಾಲಿನ ಕೊನೆಯ ಪದ ನೋಡಿ: ರಿಕವರ್ಡ್, ಡಿಲೇಡ್, ಇಗ್ನೋರ್ಡ್, ಫೇಲ್ಡ್. ಇಗ್ನೋರ್ಡ್ ಬಂದಿದ್ದರೆ ಪುಟಕ್ಕೆ ಗುರುತು ಬಿದ್ದಿದೆ, ಆದರೆ ಅದನ್ನು ಬಳಸುವವರು ಬಳಸುತ್ತಲೇ ಇದ್ದಾರೆ. ಮೆಮ್‌ಇನ್ಫೋದ ಹಾರ್ಡ್‌ವೇರ್-ಕರಪ್ಟೆಡ್ ಸಾಲು ಪ್ರತಿ 4 ಕೆಬಿ ಪುಟಕ್ಕೆ 4 ಕೆಬಿಯಷ್ಟೇ ಏರಬೇಕು. ಪುಟಕ್ಕೆ ಪಾಯ್ಸನ್ ಗುರುತು ಬಿದ್ದಿರುವುದು ಕೆಪೇಜ್‌ಫ್ಲ್ಯಾಗ್ಸ್‌ನ 19ನೇ ಬಿಟ್‌ನಲ್ಲೂ ಕಾಣುತ್ತದೆ. ಸಿಗ್‌ಬಸ್ ಹ್ಯಾಂಡ್ಲರ್‌ನಿಂದ ಸುಮ್ಮನೆ ಹಿಂದಿರುಗಿದರೆ ಅದೇ ಸೂಚನೆ ಮತ್ತೆ ಓಡಿ ಮತ್ತೆ ಸಿಗ್ನಲ್ ಬರುತ್ತಲೇ ಇರುತ್ತದೆ. ಸಿಗ್‌ಲಾಂಗ್‌ಜಂಪ್‌ನಿಂದ, ಅಂದರೆ ಮೊದಲೇ ಗುರುತಿಟ್ಟ ಜಾಗಕ್ಕೆ ಜಿಗಿದು, ಹೊರಬನ್ನಿ, ಅಥವಾ ಆ ಜಾಗಕ್ಕೆ ಎಂ-ಮ್ಯಾಪ್‌ನಿಂದ ಹೊಸ ಪುಟ ಹಾಕಿ.

ಪರೀಕ್ಷೆ ಮುಗಿದ ಮೇಲೆ ವಿಷವಿಟ್ಟ ಪುಟಗಳು ತಾವಾಗಿಯೇ ವಾಪಸ್ ಬರುವುದಿಲ್ಲ. ಅನ್‌ಪಾಯ್ಸನ್-ಪಿಎಫ್‌ಎನ್ ಫೈಲ್‌ಗೆ ಪುಟದ ಸಂಖ್ಯೆ ಬರೆದು ಬಿಡಿಸಬೇಕು, ಇಲ್ಲವೇ ರೀಬೂಟ್ ಮಾಡಬೇಕು. ಈಗಿನ ಕರ್ನಲ್‌ಗಳಲ್ಲಿ ನಿಜವಾದ ಹಾರ್ಡ್‌ವೇರ್ ದೋಷ ಒಮ್ಮೆ ದಾಖಲಾದರೆ ಅನ್‌ಪಾಯ್ಸನ್ ಆಮೇಲೆ ಕೆಲಸ ಮಾಡುವುದಿಲ್ಲ. ಆದ್ದರಿಂದ ಐನ್ಜ್ ಪರೀಕ್ಷೆಗಳನ್ನು ಸರದಿಯ ಕೊನೆಗೆ ಇಟ್ಟುಕೊಳ್ಳಿ.